ಏಳೂವರೆಯ ನಂತರ ಮಾತಿಲ್ಲ

ಎರಡು ವರ್ಷ ಎರಡು ತಿಂಗಳ ನಂತರ ಗಂಡ ಮನೆಯ ಮೆಟ್ಟಿಲು ಹತ್ತಿ ಬಂದಾಗ ಜಸೀನಾ ಮಾಡಿದ ಮೊದಲ ಕೆಲಸವೆಂದರೆ ಅವನ ಬಾಯಿ ಮುಚ್ಚಿದ್ದು.

ಹೌದು, ಕೈಯಿಂದಲೇ! ಅಂಗೈಯನ್ನು ಅವನ ತುಟಿಯ ಮೇಲೆ ಒತ್ತಿ ಹಿಡಿದು, ಕಣ್ಣಗಲಿಸಿ, ಉಸಿರಿನಲ್ಲೇ ಹೇಳಿದಳು.

"ಮಾತಾಡಬೇಡಿ... ಒಂದು ಶಬ್ದ ಬೇಡ."

ಫಯಾಝ್ ಟ್ರಾಲಿ ಬ್ಯಾಗ್ ಹಿಡಿದುಕೊಂಡು ಸಿಟೌಟ್‌ನಲ್ಲೇ ನಿಂತುಬಿಟ್ಟ. ಶಾರ್ಜಾದಿಂದ ಹೊರಟಾಗಿನಿಂದ ಈ ಕ್ಷಣವನ್ನು ಎಷ್ಟು ಸಲ ಕಲ್ಪಿಸಿಕೊಂಡಿದ್ದನೋ. ಅವಳು ಅಳಬಹುದು, ನಗಬಹುದು, ಬರುವ ವಿಷಯ ಹೇಳಲಿಲ್ಲವೆಂದು ಸಿಟ್ಟಾಗಬಹುದು... ಬಾಯಿ ಮುಚ್ಚಿಸುತ್ತಾಳೆ ಎಂದು ಯಾವ ಗಂಡ ತಾನೇ ಎಣಿಸಿಯಾನು?

ಆದರೆ ಅವಳ ಕೈ ತಡವಾಗಿತ್ತು. ಗೇಟಿನ ಬಳಿ ಟ್ಯಾಕ್ಸಿ ಇಳಿಯುತ್ತಲೇ ಅವನು ಬೆಳ್ಳಾರೆ ಪೇಟೆಗೆಲ್ಲ ಕೇಳುವ ಹಾಗೆ "ಮಿನ್ಹಾ, ಉಪ್ಪ ಬಂದೆ ನೋಡು" ಎಂದು ಕೂಗಿ ಆಗಿತ್ತು.

ಗಂಟೆ ಎಂಟೂ ನಲವತ್ತು. ಆಗಷ್ಟೇ ಕಣ್ಣು ಎಳೆಯತೊಡಗಿದ್ದ ನಾಲ್ಕೂವರೆ ವರ್ಷದ ಮಗಳು ಮಿನ್ಹಾ ಒಳಕೋಣೆಯಿಂದ ಎದ್ದು ಬಂದಳು.

ಉಪ್ಪನ ಪಕ್ಕದಿಂದಲೇ ಹಾದು ಹೋದಳು. ಅವನ ಮುಖವನ್ನು ನೋಡಲೂ ಇಲ್ಲ. ನೇರವಾಗಿ ಕಪಾಟಿನ ಬಳಿಗೆ ಹೋಗಿ, ಅಲ್ಲಿ ತೆಗೆದಿಟ್ಟಿದ್ದ ಅಜ್ಜಿ ನೆಬೀಸರ ಮೊಬೈಲ್ ಎಳೆದು ತಂದು ಜಸೀನಾಳ ಕೈಗೆ ತುರುಕಿದಳು.

"ಉಪ್ಪ," ಎಂದಳು. ಅವಳಿಗೆ ಬರುತ್ತಿದ್ದ ಹತ್ತು ಹನ್ನೆರಡು ಶಬ್ದಗಳಲ್ಲಿ ಅದೂ ಒಂದು.

ಫಯಾಝ್ ಮಂಡಿಯೂರಿ ಕುಳಿತ. "ಉಪ್ಪ ಇಲ್ಲಿದ್ದೇನೆ ಅಲ್ವಾ ಮೋಳೇ... ಇಲ್ಲಿ ನೋಡು."

ಸ್ವರ ಕೇಳಿತು. ಕೇಳಿದ್ದೇ ತಡ, ಮಗು ಮೊಬೈಲನ್ನು ಕಸಿದುಕೊಂಡು ಅದರ ಕಪ್ಪು ಗಾಜನ್ನು ದಿಟ್ಟಿಸಿದಳು. ಅಲ್ಲಿ ಉಪ್ಪ ಇರಲಿಲ್ಲ. ಬೆರಳಿನಿಂದ ಬಡಿದಳು. ಆಗಲೂ ಬರಲಿಲ್ಲ. ಎದುರಿಗೆ ಕೂತ ಗಡ್ಡದ ಮನುಷ್ಯ ಯಾರೋ ಏನೋ, ಅವಳ ಉಪ್ಪ ಮಾತ್ರ ಅಲ್ಲ. ಅವಳ ಉಪ್ಪ ಇರುವುದು ಫೋನಿನ ಒಳಗೆ. ಕೊನೆಗೆ ಮೊಬೈಲನ್ನು ನೆಲಕ್ಕೆಸೆದು ಕಿರುಚತೊಡಗಿದಳು.

ಆ ಅಳು ನಿಂತದ್ದು ಬೆಳಗಿನ ಜಾವ ಮೂರೂ ಇಪ್ಪತ್ತಕ್ಕೆ. ಜಸೀನಾ ಗೋಡೆಗೊರಗಿ ಕುಳಿತು ಒಂದು ನೋಟ್‌ಬುಕ್ಕಿನಲ್ಲಿ ಆ ಸಮಯವನ್ನು ಬರೆದಳು. ಮೂರು ವಾರದಿಂದ ಇಟ್ಟಿಗೆ ಇಟ್ಟಿಗೆ ಸೇರಿಸಿ ಕಟ್ಟಿದ್ದು ಒಂದೇ ಕೂಗಿಗೆ ಬಿದ್ದುಹೋಗಿತ್ತು.

"ನನ್ನ ಮನೆಯಲ್ಲಿ ನಾನು ಮಾತಾಡಬಾರದಾ?" ಫಯಾಝ್ ತಗ್ಗಿದ ಸ್ವರದಲ್ಲಿ ಕೇಳಿದ.

ಅವಳು ನೋಟ್‌ಬುಕ್ ಮುಚ್ಚಿದಳು. ಹೇಗೆ ಹೇಳುವುದು? ನಿಮ್ಮ ಮಗಳ ನಿದ್ದೆ ಕೆಡಿಸುತ್ತಿರುವುದರಲ್ಲಿ ನಿಮ್ಮ ಸ್ವರವೂ ಒಂದು ಎಂದು ಯಾವ ಬಾಯಿಯಿಂದ ಹೇಳುವುದು?

ಅದೇನು ಕಥೆ ಎಂದು ನೀವು ಕೇಳಬಹುದು. ಹೇಳುತ್ತೇನೆ.

ಫಯಾಝ್ ಶಾರ್ಜಾದ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಕೆಲಸಕ್ಕಿದ್ದ. ಮದುವೆಯಾಗಿ ಆರು ವರ್ಷ. ಅದರಲ್ಲಿ ಅವನೂ ಜಸೀನಾಳೂ ಒಟ್ಟಿಗೆ ಇದ್ದದ್ದು ಎಲ್ಲ ಸೇರಿ ನೂರಾ ಮೂವತ್ತು ದಿನ. ಉಳಿದದ್ದೆಲ್ಲ ಫೋನಿನ ಸಂಸಾರ. ಅವನ ಅಂಗಡಿ ಮುಚ್ಚುವಾಗ ಇಲ್ಲಿ ಹನ್ನೊಂದೂವರೆ. ಹನ್ನೊಂದೂ ಮುಕ್ಕಾಲಿಗೆ ವಿಡಿಯೋ ಕಾಲ್. ಅದೂ ಅವನ ಉಮ್ಮ, ಜಸೀನಾಳ ಮಾಮಿ, ನೆಬೀಸರ ಫೋನಿಗೆ. ನೇರ ಹೆಂಡತಿಯ ಫೋನಿಗೆ ಮಾಡಿದರೆ ತಾಯಿಗೆ ಬೇಸರವಾದೀತು, ಅದು ಆ ಮನೆಯ ರೀತಿ. ನೆಬೀಸರಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಯಾವಾಗಲೂ ಸ್ಪೀಕರ್. ಹಾಲ್‌ನ ದೀಪವೆಲ್ಲ ಉರಿಸಿ, ಸೋಫಾದ ಮೇಲೆ ಕುಳಿತು...

"ಮಿನ್ಹಾ ಎಲ್ಲಿ ಉಮ್ಮ? ಮಿನ್ಹಾಳನ್ನು ಕರೀರಿ."

ದಿನಾ ಅದೇ ಮಾತು. ಜಸೀನಾ ಮಗಳನ್ನು ಎತ್ತಿಕೊಂಡು ಬಂದು ಪರದೆಯ ಎದುರು ಕೂರುತ್ತಿದ್ದಳು. ಮಗು ಪರದೆಯನ್ನು ಮುಟ್ಟಿ ಮುಟ್ಟಿ ನಗುತ್ತಿತ್ತು. ಫೋನು ಇಟ್ಟ ಮೇಲೆ ಬೆಳಗಿನ ಜಾವದ ತನಕ ಹಾಲ್‌ನಲ್ಲಿ ಸುತ್ತು ಹಾಕುತ್ತಿತ್ತು, ಸ್ವಿಚ್ ಒತ್ತಿ ತೆಗೆದು ಒತ್ತಿ ತೆಗೆದು ಆಡುತ್ತಿತ್ತು. ಅವಳ ಹಿಂದೆ ಜಸೀನಾ. ಹಗಲು ಮನೆಗೆಲಸ, ರಾತ್ರಿ ಈ ಸುತ್ತು. ಒಮ್ಮೆ ನಿಂತಲ್ಲೇ ತೂಕಡಿಸಿ ಬಾಗಿಲಿಗೆ ಹಣೆ ಬಡಿದುಕೊಂಡಿದ್ದಳು.

ಮೂರೂವರೆ ವರ್ಷಕ್ಕೆ ಆಟಿಸಂ ಎಂದು ಡಾಕ್ಟರು ಹೇಳಿದರು. ಪುತ್ತೂರಿನ ಬೊಳುವಾರಿನಲ್ಲಿ ಒಂದು ಮಹಡಿಯ ಮೇಲಿನ ಸಣ್ಣ ಥೆರಪಿ ಕೇಂದ್ರಕ್ಕೆ ಜಸೀನಾ ಮಗಳನ್ನು ಕರೆದುಕೊಂಡು ವಾರಕ್ಕೆ ಮೂರು ದಿನ ಹೋಗತೊಡಗಿದಳು. ಅಲ್ಲಿಯ ಸಮನ್ವಿತಾ ಮೇಡಂ, ವಯಸ್ಸಿನಲ್ಲಿ ಜಸೀನಾಳಿಗಿಂತ ಚಿಕ್ಕವಳೇ, ಒಂದು ನೋಟ್‌ಬುಕ್ ಕೊಟ್ಟು ಹದಿನಾಲ್ಕು ದಿನ ಎಲ್ಲ ಬರೆಯಲು ಹೇಳಿದಳು. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಮಲಗುವ ಮೊದಲು ಏನೇನು ನಡೆಯಿತು.

ಹದಿನಾಲ್ಕು ಪುಟದಲ್ಲೂ ಹನ್ನೊಂದೂ ಮುಕ್ಕಾಲಿನ ಎದುರು ಒಂದೇ ಶಬ್ದವಿತ್ತು. ಫೋನ್.

"ಇಂಥ ಮಕ್ಕಳಿಗೆ ನಿದ್ದೆಯ ತೊಂದರೆ ತುಂಬ ಸಾಮಾನ್ಯ ಅಕ್ಕ. ಅದು ನಿಮ್ಮ ತಪ್ಪಿನಿಂದ ಬಂದದ್ದಲ್ಲ," ಎಂದಿದ್ದಳು ಸಮನ್ವಿತಾ. "ಆದರೆ ಇವಳು ಈಗ ಆ ಫೋನಿಗೆ ಕಾಯ್ತಾಳೆ. ಅದು ಬರುವ ತನಕ ಅವಳ ಲೆಕ್ಕದಲ್ಲಿ ರಾತ್ರಿಯೇ ಆಗುದಿಲ್ಲ. ನಮ್ಮ ಕೈಯಲ್ಲಿ ಇರುದನ್ನು ನಾವು ಬದಲು ಮಾಡುವಾ."

ಕೈಯಲ್ಲಿ ಇದ್ದದ್ದು ಇಷ್ಟು: ಏಳೂವರೆಗೆ ಟಿವಿ, ಮೊಬೈಲು ಬಂದ್. ಮಂದ ದೀಪ. ಕಾಲು ತೊಳೆಯುವ ಚಿತ್ರ, ಅಂಗಿ ಬದಲಿಸುವ ಚಿತ್ರ, ಹಾಸಿಗೆಯ ಚಿತ್ರ, ಸಾಲಾಗಿ ಗೋಡೆಗೆ. ದಿನಾ ಅದೇ ಕ್ರಮ. ರಾತ್ರಿ ಎಷ್ಟು ಕೆಟ್ಟರೂ ಬೆಳಿಗ್ಗೆ ಒಂದೇ ಹೊತ್ತಿಗೆ ಎಬ್ಬಿಸುವುದು.

ಮತ್ತು ರಾತ್ರಿಯ ಆ ಕರೆ ನಿಲ್ಲಬೇಕು.

ಒಂದು ದಿನ ಸ್ಪೀಕರಿನಲ್ಲಿ ಫಯಾಝ್ ತನ್ನ ಕೋಣೆಯವರಿಗೆ ಹೇಳುತ್ತಿದ್ದುದು ಜಸೀನಾಳ ಕಿವಿಗೆ ಬಿದ್ದಿತ್ತು. "ನನ್ನ ಮಗಳು ನನ್ನನ್ನು ನೋಡದೆ ಮಲಗುದೇ ಇಲ್ಲ ಮಾರಾಯ್ರೆ." ಅವನ ಸ್ವರದಲ್ಲಿ ಎಂಥ ಹೆಮ್ಮೆ! ಹದಿನಾಲ್ಕು ಗಂಟೆ ನಿಂತು ಕೆಲಸ ಮಾಡಿ ಬಂದವನಿಗೆ ಇದ್ದ ಒಂದೇ ಸಂತೋಷ ಅದು. ಅದನ್ನು ಹೇಗೆ ಕಿತ್ತುಕೊಳ್ಳುವುದು?

ಅರ್ಧ ದಿನ ಯೋಚಿಸಿ ಮೆಸೇಜ್ ಹಾಕಿದಳು. 'ಇನ್ನು ರಾತ್ರಿ ಫೋನ್ ಮಾಡಬೇಡಿ. ಮಿನ್ಹಾ ಮಲಗಬೇಕು. ಮಾಮಿಗೆ ಹಗಲು ಮಾಡಿ.'

ಉತ್ತರ ಬಂತು. 'ಸರಿ.'

ಅಷ್ಟೇ. 'ನಿನಗೆ ಯಾವಾಗ ಮಾಡಲಿ?' ಎಂದು ಕೇಳುತ್ತಾನೇನೋ ಎಂದು ಅವಳು ರಾತ್ರಿಯೆಲ್ಲ ಕಾದಳು. ಅವನು ಕೇಳಲಿಲ್ಲ. ಹಾಗಾದರೆ ಅವನಿಗೆ ಬೇಕಿದ್ದದ್ದು ಮಗಳು ಮಾತ್ರ... ಅದು ಗೊತ್ತಿದ್ದದ್ದೇ, ಆದರೂ ಎದೆ ಉರಿಯಿತು.

ಅತ್ತ ಅವನಿಗೂ ನಿದ್ದೆ ಇರಲಿಲ್ಲ. ಉಮ್ಮ ಹಗಲಿನ ಫೋನಿನಲ್ಲಿ ಹೇಳಿದರು: "ಏಳೂವರೆಗೆ ಬಾಗಿಲು ಹಾಕ್ತಾಳೆ ಮೋನೇ, ನನ್ನ ಮೊಬೈಲ್ ಸಹ ತೆಗೆದು ಇಡ್ತಾಳೆ. ಎಂತದೋ, ನನಗೆ ಅರ್ಥ ಆಗುದಿಲ್ಲ." ಅವನಿಗೆ ಅರ್ಥವಾದದ್ದು ಒಂದೇ. ಹೆಂಡತಿಗೆ ತಾನು ಬೇಡವಾಗಿದ್ದೇನೆ. ಮ್ಯಾನೇಜರನ ಕಾಲು ಹಿಡಿದು ಮೂವತ್ತು ದಿನದ ರಜೆ ತೆಗೆದುಕೊಂಡು ಹೊರಟು ಬಂದ.

ಹೀಗೆ ಬಂದವನಿಗೆ ಬಾಗಿಲಲ್ಲಿ ಸಿಕ್ಕಿದ್ದು ಬಾಯಿ ಮುಚ್ಚಿದ ಆ ಕೈ.

ಮರುದಿನ ಪುತ್ತೂರಿಗೆ ಹೊರಟಾಗ "ನಾನೂ ಬರ್ತೇನೆ" ಎಂದ. ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಸವಣೂರು ದಾಟುವ ತನಕವೂ ಅವನು ಅವಳ ಶಾಲಿನ ಅಂಚನ್ನೇ ನೋಡುತ್ತಿದ್ದ.

ಕೇಂದ್ರದಲ್ಲಿ ಸಮನ್ವಿತಾ ನೋಟ್‌ಬುಕ್ಕನ್ನು ಅವನ ಎದುರಿಗೆ ಇಟ್ಟಳು. ಅವನು ಒಂದೊಂದೇ ಪುಟ ತಿರುವಿದ. ಫೋನ್, ಮಲಗಿದ್ದು ಮೂರಕ್ಕೆ. ಫೋನ್, ಮಲಗಿದ್ದು ನಾಲ್ಕಕ್ಕೆ. ಫೋನ್, ಮಲಗಲೇ ಇಲ್ಲ. ಆಮೇಲೆ ಫೋನ್ ಇಲ್ಲದ ಪುಟಗಳು. ಎರಡೂವರೆ. ಒಂದು. ಹನ್ನೊಂದು. ಒಂಬತ್ತೂವರೆ... ಕೊನೆಯ ಪುಟದಲ್ಲಿ ನಿನ್ನೆಯದು. ಮೂರೂ ಇಪ್ಪತ್ತು.

ಅವನ ಮುಖದ ಬಣ್ಣ ಇಳಿದುಹೋಯಿತು.

"ಇದೆಲ್ಲ... ನನ್ನಿಂದಲಾ ಮೇಡಂ?"

"ನಿಮ್ಮೊಬ್ಬರಿಂದ ಅಲ್ಲ ಸರ್. ಫೋನ್ ಇಲ್ಲದಿದ್ರೂ ಇವಳಿಗೆ ಕಷ್ಟವೇ ಇರ್ತಿತ್ತು. ಆದರೆ ನಿಮ್ಮ ಸ್ವರ ಕೇಳಿದ್ರೆ ಅವಳಿಗೆ ಎಚ್ಚರ ಇರುವ ಹೊತ್ತು ಅಂತ ಅಭ್ಯಾಸ ಆಗಿಬಿಟ್ಟಿದೆ."

"ಹಾಗಾದ್ರೆ ನಾನು ವಾಪಸ್ ಹೋಗುದೇ ಒಳ್ಳೆಯದಾ?"

ಈ ಮಾತು ಕೇಳಿ ಜಸೀನಾ ತಲೆ ತಗ್ಗಿಸಿದಳು. ಬೇಡ ಎನ್ನಬೇಕು ಎನಿಸಿತು. ಅವಳ ತಲೆ ತಗ್ಗಿದ್ದನ್ನು ಅವನು ಬೇರೆಯೇ ಅರ್ಥ ಮಾಡಿಕೊಂಡ. ನೋಡಿ, ಎದುರೆದುರು ಕೂತರೂ ಇವರ ಕಥೆ ಹೀಗೆ!

"ಇಲ್ಲ ಸರ್, ಓಡಿಹೋದ್ರೆ ಆಗುದಿಲ್ಲ," ಎಂದಳು ಸಮನ್ವಿತಾ. "ಹಗಲು ಅವಳ ಹತ್ತಿರ ಕೂತು ಮಾತಾಡಿ, ಆಡಿ. ಉಪ್ಪ ಅಂದ್ರೆ ಈ ಮನುಷ್ಯ ಅಂತ ಗೊತ್ತಾಗಲಿ. ಏಳೂವರೆಯ ನಂತರ ಒಂದು ವಾರ ಮಾತೇ ಬೇಡ. ಆಮೇಲೆ ಎರಡೇ ಮಾತು, ದಿನಾ ಅದೇ. ನೀವು ಹೋದ ಮೇಲೆ ಅಕ್ಕ ಹೇಳಲಿಕ್ಕೆ ಆಗುವಂಥ ಮಾತು ಇರಲಿ. ಅಷ್ಟಾದ ಮೇಲೂ ಸರಿ ಆಗದಿದ್ರೆ ಡಾಕ್ಟರ ಹತ್ತಿರ ಕೇಳುವಾ. ನೀವಾಗಿ ಯಾವ ಔಷಧಿಯೂ ಕೊಡಬೇಡಿ."

ಹೀಗೆ ಫಯಾಝ್ ದಿನಾ ಏಳೂವರೆಗೆ ಮೂಗನಾದ.

ಮೊದಲ ಎರಡು ದಿನ ಅದು ನೋಡಲಾಗದ ಪಾಡು. ಉಪ್ಪು ಬೇಕೆಂದರೆ ಬೆರಳು ತೋರಿಸಬೇಕು. ಬಾಗಿಲು ಹಾಕಬೇಡ ಎಂದರೆ ಕೈ ಬೀಸಬೇಕು. ಮೂರನೆಯ ದಿನ ನೀರು ಬೇಕೆಂದು ಹೆಬ್ಬೆರಳನ್ನು ಬಾಯಿಗೆ ಹಿಡಿದಾಗ ಜಸೀನಾ ತಡೆಯಲಾರದೆ ನಕ್ಕಳು, ಶಾಲನ್ನು ಬಾಯಿಗೊತ್ತಿಕೊಂಡು. ಅವನೂ ನಕ್ಕ. ಶಬ್ದವಿಲ್ಲದ ಆ ನಗು ಇಬ್ಬರಿಗೂ ಹೊಸದು.

ಮಾತು ನಿಂತ ಮೇಲೆ ಅವಳು ಅವನನ್ನು ನೋಡತೊಡಗಿದಳು. ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಬಿಡಿಸಿ ಬೆರಳುಗಳಲ್ಲಿ ಗೆರೆ ಬಿದ್ದಿತ್ತು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಫೋನಿನಲ್ಲಿ ಇದ್ಯಾವುದೂ ಕಂಡಿರಲಿಲ್ಲ. ಊಟವಾದ ಮೇಲೆ ಅವನು ಬಸಲೆ ಸಾರಿನ ಪಾತ್ರೆಯಿಂದ ಹಿಡಿದು ಎಲ್ಲ ತೊಳೆದು ಸ್ವಲ್ಪವೂ ಸದ್ದಾಗದಂತೆ ಕವುಚಿ ಇಡುತ್ತಿದ್ದ. ಆರು ಜನರ ಕೋಣೆಯಲ್ಲಿ ಕಲಿತದ್ದಿರಬೇಕು.

'ಇವರು ಒಳ್ಳೆಯವರು,' ಎಂದುಕೊಂಡಳು ಜಸೀನಾ. 'ಮಗಳಿಗಾಗಿ ಎಷ್ಟು ಮಾಡುತ್ತಾರೆ.' ಮಗಳಿಗಾಗಿ... ಆ ಶಬ್ದ ಮುಳ್ಳಿನಂತೆ ಚುಚ್ಚಿತು. ರಜೆ ಮುಗಿದ ಮೇಲೆ ತನಗಾಗಿ ಒಂದು ಕರೆಯೂ ಬರುವುದಿಲ್ಲ. ರಾತ್ರಿಯ ಕರೆ ಬೇಕೆಂದರೆ ಮಗಳ ನಿದ್ದೆ ಹೋಗುತ್ತದೆ. ಮಗಳ ನಿದ್ದೆ ಬೇಕೆಂದರೆ ಗಂಡ ಹೋಗುತ್ತಾನೆ. ಎರಡರಲ್ಲಿ ಒಂದು. ತಾಯಿಯಾದವಳು ಯಾವುದನ್ನು ಆರಿಸಿಕೊಳ್ಳುತ್ತಾಳೆ, ಹೇಳಿ?

ಹಗಲು ಮಿನ್ಹಾ ನಿಧಾನವಾಗಿ ಅವನ ಗಡ್ಡವನ್ನು ಮುಟ್ಟಿದಳು. ಇನ್ನೊಂದು ದಿನ ಮಡಿಲಲ್ಲಿ ಅರ್ಧ ನಿಮಿಷ ಕುಳಿತಳು. ಒಂಬತ್ತನೆಯ ದಿನ ಅವನ ಎರಡು ಮಾತು ಶುರುವಾಯಿತು. ಬಚ್ಚಲಿನ ಬಾಗಿಲಲ್ಲಿ ನಿಂತು ಒಂದೇ ಸ್ವರದಲ್ಲಿ, "ಕಾಲು ತೊಳೆಯುವಾ." ಹಾಸಿಗೆಯ ಹತ್ತಿರ, "ಮಲಗುವಾ."

ಹನ್ನೆರಡನೆಯ ದಿನ ಮಗುವಿಗೆ ಶೀತವಾಯಿತು. ಮೂಗು ಕಟ್ಟಿ, ಎಲ್ಲ ಕ್ರಮವೂ ತಪ್ಪಿ, ಆ ರಾತ್ರಿ ಅವಳು ಮಲಗಲೇ ಇಲ್ಲ. ತಲೆಯನ್ನು ಗೋಡೆಗೆ ಬಡಿಯುತ್ತಿದ್ದಳು. ನಡುವೆ ತನ್ನ ಕೈ ಇಟ್ಟು ಜಸೀನಾ ಕುಳಿತಿದ್ದಳು. ಬೆರಳಿನ ಗಂಟುಗಳು ಕೆಂಪಾಗಿದ್ದವು.

ಫಯಾಝ್ ಎದ್ದು ಹಿಂಬಾಗಿಲಿನಿಂದ ಹೊರಗೆ ಹೋದ. ನೆಬೀಸ ಬಂದು ಮೊಮ್ಮಗಳ ಬಳಿ ಕೂತ ಮೇಲೆ ಜಸೀನಾ ಹುಡುಕಿಕೊಂಡು ಹೋದಳು. ಅವನು ಒಗೆಯುವ ಕಲ್ಲಿನ ಮೇಲೆ ಕೂತು ಅಳುತ್ತಿದ್ದ. ಗಂಡಸು, ಮೂವತ್ತಾರು ವರ್ಷದವನು, ಮುಖವನ್ನು ಮೊಣಕಾಲಿನಲ್ಲಿ ಹುದುಗಿಸಿ.

"ದಿನಾ ಹೀಗೆಯಾ ಇದ್ದದ್ದು? ನೀನು ಒಬ್ಬಳೇ?"

ಅವಳು ಹೌದೆಂದು ತಲೆಯಾಡಿಸಿದಳು.

"ನನಗೆ ಎಂತ ಮಾಡ್ಲಿಕ್ಕೂ ಆಗುದಿಲ್ಲ ಜಸೀನಾ. ಅಲ್ಲಿ ಇದ್ರೂ ಆಗುದಿಲ್ಲ, ಇಲ್ಲಿ ಇದ್ರೂ ಆಗುದಿಲ್ಲ."

"ನನಗೂ," ಎಂದಳು. ಅವನ ಪಕ್ಕದಲ್ಲಿ ಕುಳಿತಳು. ಒಳಗಿನಿಂದ ಮಗುವಿನ ಅಳು ಕೇಳುತ್ತಲೇ ಇತ್ತು, ಇಬ್ಬರೂ ಸ್ವಲ್ಪ ಹೊತ್ತು ಅದನ್ನು ಕೇಳುತ್ತ ಕೂತು ಮತ್ತೆ ಎದ್ದು ಒಳಗೆ ಹೋದರು.

ಶೀತ ಇಳಿಯಲು ಐದು ದಿನ ಬೇಕಾಯಿತು. ಮತ್ತೆ ಚಿತ್ರ, ಮತ್ತೆ ಮಂದ ದೀಪ, ಮತ್ತೆ ಅವೇ ಎರಡು ಮಾತು.

ಇಪ್ಪತ್ತೊಂದನೆಯ ದಿನ ಮಿನ್ಹಾ ತಾನೇ ಹೋಗಿ ಹಾಸಿಗೆಯ ಚಿತ್ರದ ಮೇಲೆ ಬೆರಳಿಟ್ಟಳು. ಫಯಾಝ್ "ಮಲಗುವಾ" ಎಂದ. ಅವಳು ಮಗ್ಗುಲಾದಳು. ಒಂಬತ್ತೂ ಐದಕ್ಕೆ ಉಸಿರು ನಿಧಾನವಾಯಿತು.

ಇಬ್ಬರೂ ಅಲ್ಲಾಡಲಿಲ್ಲ. ಹತ್ತು ನಿಮಿಷ ಕಾದು ಒಬ್ಬರ ಹಿಂದೆ ಒಬ್ಬರು ಅಡುಗೆಮನೆಗೆ ಬಂದರು. ರಜೆ ಇನ್ನು ಒಂಬತ್ತೇ ದಿನ. ನಡುರಾತ್ರಿ ಮಗು ಏಳಬಹುದು, ನಾಳೆ ಮತ್ತೆ ಕೆಡಬಹುದು. ಆದರೂ ಮನೆಯಲ್ಲಿ ಇಷ್ಟು ಬೇಗ ಇಷ್ಟು ಮೌನ ಯಾವತ್ತೂ ಆಗಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆದಳು.

"ಒಂದು ಕೇಳುದಾ?" ಫಯಾಝ್ ಪಿಸುಗುಟ್ಟಿದ.

"ಕೇಳಿ."

"ಮಿನ್ಹಾ ಮಲಗಬೇಕು ಅಂತ ಮೆಸೇಜ್ ಹಾಕಿದ್ದಿ, ಸರಿ. ಅವಳು ಮಲಗಿದ ಮೇಲೆ ನನಗೆ ಮಾಡಿ ಅಂತ ಯಾಕೆ ಹಾಕಲಿಲ್ಲ? ನಾನು ಬೇಡ ಆಗಿದ್ದೆನಾ?"

ಲೋಟ ಕೈಯಲ್ಲೇ ನಿಂತಿತು.

"ನನಗೆ ಮಾಡ್ತೀರಿ ಅಂತ ನನಗೆ ಹೇಗೆ ಗೊತ್ತು?" ಅವಳು ಅವನ ಕಡೆ ತಿರುಗಿದಳು. "ಆರು ವರ್ಷದಲ್ಲಿ ಒಂದು ದಿನ ಜಸೀನಾಗೆ ಕೊಡಿ ಅಂತ ಹೇಳಿದ್ದುಂಟಾ? ಮಿನ್ಹಾ ಎಲ್ಲಿ, ಮಿನ್ಹಾಳನ್ನು ಕರೀರಿ... ಅವಳು ಮಲಗಿದ ದಿನ ಎರಡೇ ನಿಮಿಷಕ್ಕೆ ಫೋನ್ ಇಡ್ತಿದ್ರಿ. ಅದಕ್ಕೆ..."

"ಅದಕ್ಕೆ?"

"ಅದಕ್ಕೆ ನಾನೇ ಅವಳನ್ನು ಮಲಗಲಿಕ್ಕೆ ಬಿಡ್ತಾ ಇರಲಿಲ್ಲ." ಹೇಳಿಬಿಟ್ಟಳು. ನೋಟ್‌ಬುಕ್ಕಿನ ಒಂದು ಪುಟದಲ್ಲೂ ಬರೆಯದ ಮಾತು ಅದು. "ಕೆಲವು ದಿನ ಹತ್ತು ಗಂಟೆಗೆ ಅವಳ ಕಣ್ಣು ಎಳೀತಿತ್ತು. ನಾನು ಮುಖಕ್ಕೆ ನೀರು ಹಾಕಿ, ದೀಪ ಹಾಕಿ, ಎಬ್ಬಿಸಿ ಇಡ್ತಿದ್ದೆ. ಅವಳು ಎದ್ದಿದ್ರೆ ನೀವು ಅರ್ಧ ಗಂಟೆ ಇರ್ತೀರಿ. ಅವಳನ್ನು ಎತ್ತಿಕೊಂಡು ಕೂತ್ರೆ ನನಗೂ ನಿಮ್ಮ ಮುಖ ಕಾಣ್ತದೆ. ನನಗೆ ಬೇರೆ ದಾರಿ ಗೊತ್ತಿರಲಿಲ್ಲ... ಎಂಥ ತಾಯಿ ನಾನು."

ಫಯಾಝ್ ಸಿಟ್ಟಾದನೆಂದೇ ಅವಳು ಎಣಿಸಿದಳು. ಅವನು ಅವಳ ಕೈಯಿಂದ ಲೋಟ ತೆಗೆದು ಕವುಚಿ ಇಟ್ಟ.

"ಫೋನ್ ಉಮ್ಮನ ಕೈಯಲ್ಲಿ. ಸ್ಪೀಕರ್ ಬೇರೆ. ಆ ಕಡೆ ನನ್ನ ಕೋಣೆಯಲ್ಲಿ ಇನ್ನೂ ಐದು ಜನ. ಹೆಂಡತಿಗೆ ಕೊಡಿ ಅಂತ ಹೇಗೆ ಹೇಳುದು? ನಾಚಿಕೆ ಆಗ್ತಿತ್ತು ನನಗೆ." ಅವನಿಗೆ ಮಾತು ತಡೆತಡೆದು ಬಂತು. "ಮಗಳನ್ನು ಕರೆದ್ರೆ ಎತ್ತಿಕೊಂಡು ಬರುದು ನೀನೇ ಅಲ್ವಾ. ಅದಕ್ಕೆ ಕರೀತಿದ್ದೆ. ಅವಳು ಮಲಗಿದ ದಿನ ನೀನು ಬರುದಿಲ್ಲ. ಮತ್ತೆ ಫೋನ್ ಇಟ್ಟುಕೊಂಡು ನಾನು ಎಂತ ಮಾಡುದು?"

ಜಸೀನಾ ಅವನನ್ನೇ ನೋಡಿದಳು.

ಅವನಿಗೆ ಅವಳು ಬೇಕಿತ್ತು, ಅವಳಿಗೆ ಅವನು ಬೇಕಿತ್ತು. ಕೇಳಲು ಧೈರ್ಯವಿಲ್ಲದ ಇಬ್ಬರು ದೊಡ್ಡವರು ತಮ್ಮ ನಡುವೆ ನಿದ್ದೆಗಣ್ಣಿನ ಒಂದು ಮಗುವನ್ನು ಕೂರಿಸಿಕೊಂಡಿದ್ದರು. ನಿದ್ದೆಯೇ ಸುಲಭವಲ್ಲದ ಮಗು, ಪಾಪ! ಅದಕ್ಕೆ ಹೇಳಿಕೊಳ್ಳಲು ಮಾತೂ ಇರಲಿಲ್ಲ. ಇದು ಹೊಳೆದಾಗ ಇಬ್ಬರಿಗೂ ಅಳು ಬಂತು. ಸದ್ದು ಮಾಡುವ ಹಾಗಿರಲಿಲ್ಲ. ಅವನ ಭುಜಕ್ಕೆ ಮುಖ ಒತ್ತಿ ಅವಳು ಅತ್ತಳು, ಅವಳ ತಲೆಯ ಮೇಲೆ ಗಲ್ಲವಿಟ್ಟು ಅವನು.

ಎಷ್ಟೋ ಹೊತ್ತಿನ ಮೇಲೆ ಅವನೇ ಹೇಳಿದ.

"ಇನ್ನು ರಾತ್ರಿ ಮಾಡುದಿಲ್ಲ. ಮಧ್ಯಾಹ್ನ ನನಗೆ ಬಿಡುವು ಉಂಟು. ಕೋಣೆಯವರೆಲ್ಲ ಮಲಗಿರ್ತಾರೆ ಅಂತ ಉಮ್ಮನಿಗೆ ಮಾಡಿದ್ರೂ ಬೇಗ ಇಡ್ತಿದ್ದೆ. ಹೊರಗೆ ಮೆಟ್ಟಿಲಿನ ಹತ್ತಿರ ನಿಂತು ಮಾಡ್ತೇನೆ. ಇಲ್ಲಿ ಮೂರೂವರೆ ಆಗ್ತದೆ."

"ಆಗ ಮಿನ್ಹಾ ಆಡ್ತಾ ಇರ್ತಾಳೆ. ಬರುದಿಲ್ಲ ಅವಳು."

"ಅವಳು ಬರುದು ಬೇಡ. ಅವಳಷ್ಟಕ್ಕೆ ಆಡಲಿ."

ಅವಳು ಕಣ್ಣೊರೆಸಿಕೊಂಡಳು. "ಮಾಮಿಗೆ ಬೇಸರ ಆಗ್ತದೆ, ನನ್ನ ಫೋನಿಗೆ ಮಾಡಿದ್ರೆ."

"ಉಮ್ಮನ ಫೋನಿಗೇ ಮಾಡ್ತೇನೆ. ಉಮ್ಮನ ಹತ್ತಿರ ಮಾತಾಡಿ ಆದ ಮೇಲೆ ಕೇಳ್ತೇನೆ."

"ಎಂತ ಅಂತ ಕೇಳುದು?"

ಅವನು ಹಾಲ್‌ನ ಬಾಗಿಲ ಕಡೆ ಒಮ್ಮೆ ನೋಡಿದ. ಕಿವಿ ಕೆಂಪಾಯಿತು. "ಉಮ್ಮ, ಜಸೀನಾಗೆ ಕೊಡಿ."

"ಇಷ್ಟು ಸಣ್ಣ ಸ್ವರದಲ್ಲಿ ಹೇಳಿದ್ರೆ ಮಾಮಿಗೆ ಕೇಳ್ತದಾ?"

"ಜೋರಾಗಿ ಹೇಳಿದ್ರೆ ಮಗಳು ಏಳ್ತಾಳೆ."

"ಹಾಗಾದ್ರೆ ಹತ್ತಿರ ಬಂದು ಹೇಳಿ."

ಅವನು ಹತ್ತಿರ ಬಂದ. ಈ ಸಲ ಉಮ್ಮನನ್ನು ನಡುವೆ ತರಲಿಲ್ಲ.

"ನನಗೆ ಜಸೀನಾ ಬೇಕು."